ಬೇವಿನ ಬುಡದ ಫರಸಿ

ನಮ್ಮ ಶಹಾಬಾದಿನವರಿಗೆ ಬರಿ ಮಣ್ಣು ಕಂಡರೆ ಸಮಾಧಾನವಿಲ್ಲ. ಅಂಗಳದಲ್ಲಿ ಒಂದು ಗೇಣು ಮಣ್ಣು ಉಳಿದಿದ್ದರೂ ‘ಇವರ ಮನಿ ಇನ್ನಾ ಮುಗಿದಿಲ್ಲ’ ಎಂದು ಹಾದುಹೋಗುವವರು ಮೂಗು ಮುರಿಯುತ್ತಾರೆ. ನೆಲಕ್ಕೆ ಕಲ್ಲು, ಮಾಳಿಗೆಗೆ ಕಲ್ಲು, ಅಡುಗೆಮನೆಯ ಕಟ್ಟೆಗೆ ಕಲ್ಲು, ಹೊಲದ ಬೇಲಿಗೂ ಸಾಲಾಗಿ ನಿಲ್ಲಿಸಿದ ಕಲ್ಲು, ಕೊನೆಗೆ ಸತ್ತವರನ್ನು ಹೂತ ಕುಣಿಯ ಮೇಲೂ ಒಂದು ಕಲ್ಲು. ಹಲಗೆ ಹಲಗೆಯಾಗಿ ಏಳುವ ಈ ಬೂದು ಕಲ್ಲನ್ನು ನಾವು ಫರಸಿ ಅನ್ನುತ್ತೇವೆ. ದೇಶದ ಉಳಿದವರು ಅದನ್ನು ನಮ್ಮ ಊರ ಹೆಸರಿನಿಂದಲೇ ಕರೆಯುತ್ತಾರೆ. ಎಲ್ಲೋ ದೂರದ ರೈಲು ನಿಲ್ದಾಣದಲ್ಲಿ ಇಳಿದು, ಕಾಲ ಕೆಳಗೆ ನೋಡಿ, ‘ಇದು ನಮ್ದು’ ಅಂದುಕೊಳ್ಳುವ ಸುಖ ಬೇರೆ ಊರಿನವರಿಗೆ ಸಿಗಲಿಕ್ಕಿಲ್ಲ. ನಾನು ಹುಟ್ಟಿದ್ದು ಸೇಡಂ ತಾಲೂಕಿನ ಆಡಕಿಯ ಕಡೆ, ತೊಗರಿ ಹೊಲಗಳ ನಡುವೆ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಈ ಹುಚ್ಚು ನನಗೂ ಹತ್ತಿತು.

ಊರ ನಡುವೆ ಒಂದು ಹಳೆಯ ಉದ್ಯಾನವಿದೆ. ಫಲಕದ ಮೇಲೆ ಅದಕ್ಕೆ ಏನೇ ಹೆಸರಿರಲಿ, ನಮ್ಮ ಬಾಯಲ್ಲಿ ಅದು ಬಾಗ್. ಯಾರು ಮಾಡಿಸಿದ್ದು ಎಂದು ಮಾತ್ರ ಕೇಳಬೇಡಿ. ನಿಜಾಮರ ಕಾಲದ್ದು ಎಂದು ಒಬ್ಬರು ಹೇಳಿದರೆ, ರೈಲಿನವರು ಮಾಡಿಸಿದ್ದು ಎಂದು ಇನ್ನೊಬ್ಬರು, ಕಲ್ಲಿನ ಗಣಿಯ ಮೊದಲ ಮಾಲಕರು ಮಾಡಿಸಿದ್ದು ಎಂದು ಮತ್ತೊಬ್ಬರು ಹೇಳಿ ಜಗಳಕ್ಕೆ ನಿಲ್ಲುತ್ತಾರೆ. ಜಗಳ ನಡೆಯುವುದೂ ಬಾಗಿನಲ್ಲೇ. ಬೆಳಗಿನ ಜಾವಕ್ಕೆ ಅಲ್ಲಿ ನೌಕರಿಯ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಗಟ್ಟಿಯಾಗಿ ಪ್ರಶ್ನೆ ಕೇಳಿಕೊಳ್ಳುತ್ತ ತಿರುಗುತ್ತಾರೆ. ಬಿಸಿಲೇರಿದ ಮೇಲೆ ವಾಡಿಯ ಕಡೆ ಹೋಗುವ ಗಾಡಿ ತಪ್ಪಿದವರು ಬಂದು ಬುತ್ತಿ ಬಿಚ್ಚುತ್ತಾರೆ. ಸಂಜೆಗೆ ಗಂಡಿನ ಕಡೆಯವರು ಒಂದು ಬೆಂಚಿನ ಮೇಲೆ, ಹೆಣ್ಣಿನ ಕಡೆಯವರು ಎದುರು ಬೆಂಚಿನ ಮೇಲೆ ಕೂತು, ಮನೆಯೊಳಗೆ ಆಡಲಾಗದ ಮಾತು ಆಡಿ ಮುಗಿಸುತ್ತಾರೆ. ಚಿಂಚೋಳಿಯ ಚಂದಾಪುರದಲ್ಲಿ ಮನೆ ಮಾಡಿಕೊಂಡಿರುವ ನನ್ನ ನಾದಿನಿ ಪ್ರತಿ ಸಲ ಬಂದಾಗಲೂ ‘ನಮ್ಮ ಚಂದಾಪುರದಾಗ ಸಂತಿ ಅದ, ಕಚೇರಿ ಅದ, ಅಂಗಡಿ ಅದ, ಇಂಥದ್ದೊಂದು ಇಲ್ಲ ನೋಡು’ ಎಂದು ಹೊಟ್ಟೆ ಉರಿದುಕೊಳ್ಳುತ್ತಾಳೆ. ನಾನು ಆ ಮಾತು ಕೇಳಲೆಂದೇ ಅವಳನ್ನು ಬಾಗಿಗೆ ಕರೆದೊಯ್ಯುತ್ತೇನೆ.

ಬಾಗಿನ ನಟ್ಟನಡುವೆ ಒಂದು ಬೇವಿನ ಮರ. ಅದರ ಬೊಡ್ಡೆಯನ್ನು ಇಬ್ಬರು ಎದುರುಬದುರು ನಿಂತು ತಬ್ಬಿದರೂ ಕೈ ಕೂಡುವುದಿಲ್ಲ. ಯುಗಾದಿಯ ಬೆಳಿಗ್ಗೆ ಸುತ್ತಲಿನ ಓಣಿಗಳ ಹೆಂಗಸರೆಲ್ಲ ಬೇವಿನ ಹೂವಿಗೆ ಬರುವುದು ಅಲ್ಲಿಗೇ. ಬುದ್ಧ ಪೂರ್ಣಿಮೆಯ ಸಂಜೆ ಹಿಂದಿನ ಓಣಿಯ ಬೌದ್ಧ ಮನೆಗಳವರು ಬಿಳಿ ಬಟ್ಟೆ ಉಟ್ಟು, ಅದರ ಸುತ್ತ ಮೇಣದಬತ್ತಿ ಹಚ್ಚಿ ಕೂರುತ್ತಾರೆ. ನಮ್ಮ ಎದುರು ಮನೆಯ ಆಪಾ, ಓಣಿಯ ಅರ್ಧ ಜನರ ಜಂಪರು ಹೊಲಿಯುವ ಹೆಂಗಸು, ಮೊಮ್ಮಕ್ಕಳಿಗೆ ಹಲ್ಲುನೋವು ಬಂದರೆ ಅದರ ಕಡ್ಡಿಯನ್ನೇ ಮುರಿದು ತರುತ್ತಾಳೆ. ಇಡೀ ಬಾಗಿನಲ್ಲಿ ಕಲ್ಲಿಲ್ಲದ ಜಾಗ ಅದರ ಬುಡದ್ದೊಂದೇ ಆಗಿತ್ತು. ಅಲ್ಲಿ ಜನ ನೆಲಕ್ಕೇ ಕೂರುತ್ತಿದ್ದರು. ಎದ್ದ ಮೇಲೆ ಎಲ್ಲರ ಹಿಂಬದಿಗೂ ಮಣ್ಣು.

ಈಗ ನಮ್ಮ ಯಜಮಾನರ ವಿಷಯ. ಫರಸಿ ಹಾಸುವುದು ಅವರ ಕಸುಬು. ಚಿತ್ತಾಪುರದಲ್ಲಿ, ಸೇಡಮಿನಲ್ಲಿ, ಚಿಂಚೋಳಿಯಲ್ಲಿ ಅವರು ಹಾಸಿದ ನೆಲದ ಮೇಲೆ ಇವತ್ತಿಗೂ ಜನ ಓಡಾಡುತ್ತಾರೆ. ಮದುವೆಯಾದ ಹೊಸತರಲ್ಲಿ, ತುಂಬಿದ ಮನೆಯಲ್ಲಿ ನಮಗಿಬ್ಬರಿಗೆ ಮಾತಾಡಲು ಜಾಗವಿಲ್ಲವೆಂದು ಅತ್ತೆಯವರೇ ‘ಬಾಗಿಗೆ ಹೋಗಿ ಬರ್ರಿ’ ಎಂದು ಕಳಿಸಿದ್ದರು. ನಾನು ಹೊಸ ಸೀರೆ ಉಟ್ಟು ಹೋದೆ. ಮಹಾರಾಯರು ನನ್ನ ಮುಖ ನೋಡಲಿಲ್ಲ. ದಾರಿಯುದ್ದಕ್ಕೂ ಕೆಳಗೆ ನೋಡುತ್ತ ‘ಈ ಸಂದು ಎಷ್ಟು ಅಗಲ ಬಿಟ್ಟಾರ ನೋಡು, ಯಾಂವ ಹಾಸ್ಯಾನೋ’ ಎಂದು ಸತ್ತುಹೋದ ಯಾರನ್ನೋ ಬೈದರು. ಅಂಥ ಮನುಷ್ಯ. ನಾನು ಚಿತ್ತಾಪುರದಲ್ಲಿ ನರ್ಸ್ ಕೆಲಸ ಮಾಡುತ್ತ, ನಿತ್ಯ ಹೋಗಿಬಂದು, ಇವರ ಫರಸಿಯ ಮಾತು ಕೇಳುತ್ತಲೇ ಮುದುಕಿಯಾದೆ.

ಆಮೇಲೆ ನುಣ್ಣನೆಯ ಟೈಲ್ಸ್ ಬಂತು. ಫರಸಿ ಕೇಳುವವರು ಕಡಿಮೆಯಾದರು. ಇವರ ಮೊಣಕಾಲುಗಳೂ ಕೈಕೊಟ್ಟವು. ಕುಕ್ಕರಗಾಲಲ್ಲಿ ಕೂರದ ಮನುಷ್ಯ ನೆಲ ಹೇಗೆ ಹಾಸಿಯಾನು? ಮನೆಯಲ್ಲಿ ಕೂತು ನನ್ನ ತಲೆ ತಿನ್ನಲು ಶುರು ಮಾಡಿದರು. ಅಂಥ ಹೊತ್ತಿನಲ್ಲಿ, ಬಾಗನ್ನು ದುರಸ್ತಿ ಮಾಡಬೇಕೆಂದು ಊರ ಹಿರಿಯರೆಲ್ಲ ಸೇರಿ ಮಾತು ತೆಗೆದರು. ಬೇವಿನ ಬುಡದ ಮಣ್ಣು ಎಲ್ಲರ ಕಣ್ಣಿಗೂ ಬಿತ್ತು. ಫರಸಿಯ ಊರಿನ ಬಾಗಿನಲ್ಲಿ, ಅದೂ ನಡುವೆ, ಮಣ್ಣು! ಪ್ರತಿ ಓಣಿಯವರೂ ತಮ್ಮ ಪಾಲಿನ ಕಲ್ಲು ಕೊಡುವುದೆಂದಾಯಿತು. ರಾವೂರಿನ ಗಣಿಯಿಂದ ಒಂದು ಟ್ರ್ಯಾಕ್ಟರು ತುಂಬ ಒಳ್ಳೆಯ ಕಲ್ಲು ಬಂತು. ಹಾಸುವ ಹಿರಿತನ ನಮ್ಮವರಿಗೆ. ಆ ದಿನ ಅವರು ಎರಡು ರೊಟ್ಟಿ ಹೆಚ್ಚು ತಿಂದರು.

ದೀಪಾವಳಿ ಕಳೆದ ಮೇಲಿನ ಚಳಿಯಲ್ಲಿ ಕೆಲಸ ನಡೆಯಿತು. ಅವರು ಒಂದು ಸ್ಟೂಲಿನ ಮೇಲೆ ಕೂತು ಹೇಳುವುದು, ಹುಡುಗರು ಹಾಸುವುದು. ಸರಿಬರದಿದ್ದರೆ ಮೊಣಕಾಲು ಮರೆತು ತಾವೇ ಇಳಿಯುವುದು, ರಾತ್ರಿ ನಾನು ಎಣ್ಣೆ ತಿಕ್ಕುವುದು. ಮರದ ಬೊಡ್ಡೆಗೆ ಅಂಟಿಕೊಂಡೇ ಮೊದಲ ಸುತ್ತು. ಕಲ್ಲನ್ನು ತೊಗಟೆಯ ಡೊಂಕಿಗೆ ತಕ್ಕಂತೆ ಕೊರೆಸಿ ಕೂಡಿಸಿದ್ದರು. ಅಲ್ಲಿಂದ ಹೊರಕ್ಕೆ ಸುತ್ತಿನ ಮೇಲೆ ಸುತ್ತು, ಬೂದು ಒಂದು, ಹಳದಿ ಒಂದು. ಸಂದಿಗೆಲ್ಲ ಸಿಮೆಂಟು. ಚಾಕುವಿನ ತುದಿ ಹೋಗದಷ್ಟು ಬಿಗಿ. ನೆಲಕ್ಕೆ ಸಣ್ಣ ಇಳಿಜಾರು ಕೊಟ್ಟಿದ್ದರು. ಅದಕ್ಕೆ ಅವರ ಕಸುಬಿನಲ್ಲಿ ಉತಾರ ಅನ್ನುತ್ತಾರೆ. ಕಣ್ಣಿಗೆ ಕಾಣದು, ನೀರು ಮಾತ್ರ ಹರಿದು ಮೋರಿ ಸೇರಬೇಕು. ನೀರು ನಿಂತ ನೆಲ ಹಾಸಿದವನ ಮಾನ ತೆಗೆಯುತ್ತದೆ ಎಂಬುದು ಅವರ ಜೀವಮಾನದ ಮಾತು. ಮುಗಿದ ದಿನ ಊರಿಗೆ ಊರೇ ಬಂದು ನೋಡಿತು. ಸುಳ್ಳು ಯಾಕೆ ಹೇಳಲಿ, ಅಷ್ಟು ಚೆಂದದ ನೆಲವನ್ನು ನಾನೂ ನೋಡಿರಲಿಲ್ಲ. ಆಪಾ ಚಪ್ಪಲಿ ಕಳೆದು, ಬರಿಗಾಲಲ್ಲಿ ಒಂದು ಸುತ್ತು ನಡೆದು, ‘ಭಾಯಿ, ಇದರ ಮ್ಯಾಲ ಬಿರ್ಯಾನಿ ಬಡಿಸಿಕೊಂಡು ತಿನ್ನಬಹುದು’ ಅಂದಳು. ಇವರು ನಕ್ಕಿದ್ದನ್ನು ನಾನು ಬಹಳ ದಿನಕ್ಕೆ ಕಂಡೆ.

ಮರುವರ್ಷದ ಯುಗಾದಿಗೆ ಹೂವು ಬಂತು. ಸ್ವಲ್ಪ ಕಡಿಮೆಯಿತ್ತು, ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಅದರ ಮುಂದಿನ ಯುಗಾದಿಗೆ ನಾವು ತಟ್ಟೆ ಹಿಡಿದು ಹೋದರೆ ಮರ ಬೋಳಾಗಿ ನಿಂತಿತ್ತು. ಬೇವು ಮಾಗಿಯಲ್ಲಿ ಎಲೆ ಉದುರಿಸುವುದು ಇದ್ದದ್ದೇ, ಆದರೆ ಯುಗಾದಿಯ ಹೊತ್ತಿಗೆ ಕೆಂಪು ಚಿಗುರು, ಬಿಳಿ ಹೂವು ಎರಡೂ ಬಂದಿರಬೇಕು. ತುದಿಯ ಕಡ್ಡಿ ಮುರಿದು ನೋಡಿದೆ, ಲಟಕ್ಕೆಂದು ಮುರಿಯಿತು. ಒಳಗೆ ಹಸಿರಿಲ್ಲ. ಅವತ್ತು ನಮ್ಮ ಓಣಿಯವರು ಬೇವು ತಂದದ್ದು ಸ್ಟೇಷನ್ನಿನ ಹಿಂದಿನ ಮರದಿಂದ. 

ಆಮೇಲೆ ಊರ ತುಂಬ ಪಂಡಿತರು. ಬಿಸಿಲು ಜಾಸ್ತಿಯಾಗಿದೆ ಎಂದು ಒಬ್ಬರು. ಸಿಮೆಂಟಿನ ದೂಳು ಎಂದು ಇನ್ನೊಬ್ಬರು. ಬೇವಿಗೇ ಏನೋ ರೋಗ ಬಂದಿದೆಯಂತೆ, ತೆಲಂಗಾಣದ ಕಡೆಯೂ ಒಣಗಿವೆಯಂತೆ ಎಂದು ಮೊಬೈಲು ತೋರಿಸುವವರು ಬೇರೆ. ದೃಷ್ಟಿ ತಾಗಿದೆ ಎಂದು ಯಾರೋ ಲಿಂಬೆಹಣ್ಣು ಕಟ್ಟಿದರು. ಹೆಂಗಸರು ನಾವು ಸುಮ್ಮನಿರಲಿಲ್ಲ. ದಿನಾ ಬೆಳಿಗ್ಗೆ ಒಬ್ಬೊಬ್ಬರೂ ಒಂದೊಂದು ಕೊಡ ನೀರು ತಂದು ಬುಡಕ್ಕೆ ಹಾಕತೊಡಗಿದೆವು. ಬೇಸಿಗೆಯಲ್ಲಿ ನಮ್ಮೂರಲ್ಲಿ ಒಂದು ಕೊಡ ನೀರೆಂದರೆ ಏನೆಂದು ಇಲ್ಲಿ ಇದ್ದವರಿಗೇ ಗೊತ್ತು. ಪಾತ್ರೆ ತಿಕ್ಕುವ ನೀರು ಉಳಿಸಿ ಮರಕ್ಕೆ ಹಾಕಿದವರಿದ್ದಾರೆ. ಆದರೂ ಮರ ಕಣ್ಣು ಬಿಡಲಿಲ್ಲ.

ಮಳೆಗಾಲ ಹತ್ತಿರ ಬಂದಾಗ ಮೇಲಿನ ಕಚೇರಿಯ ಸಾಹೇಬರೊಬ್ಬರು ನೋಡಲು ಬಂದರು. ಒಳ್ಳೆಯ ಮನುಷ್ಯ, ಸಿಡುಕಿಲ್ಲ. ಮರದ ಕೊಂಬೆ ನೋಡಿದರು, ಆಮೇಲೆ ನೆಲ ನೋಡಿ ನಿಂತೇಬಿಟ್ಟರು.

‘ಮರ ಹೋಗ್ಯಾದ್ರಿ,’ ಅಂದರು. ‘ಗಾಳಿಮಳಿಗೆ ಕೊಂಬಿ ಮುರಿದು ಯಾರ ತಲಿ ಮ್ಯಾಲರ ಬಿದ್ರ ಏನು ಮಾಡ್ತೀರಿ? ತೆಗಿಸಿಬಿಡೋಣು. ಆ ಜಾಗಾದಾಗ ಒಂದು ಕಾರಂಜಿ ಹಚ್ಚೋಣು. ಫರಸಿ ಮಾತ್ರ ಭಾಳ ಛಂದ ಹಾಸ್ಯಾರ, ಅದಕ್ಕ ಯಾರೂ ಕೈ ಹಚ್ಚಬ್ಯಾಡ್ರಿ. ಹಾಸಿದವರ ಹೆಸರು ಒಂದು ಕಲ್ಲಿನ ಮ್ಯಾಲ ಕೊರೆಸಿ ಇಲ್ಲೇ ಕೂಡಿಸೋಣು.’

ಇವರು ಮನೆಗೆ ಬಂದು ನನ್ನ ಮುಂದೆ ಆ ಮಾತನ್ನು ಹೇಳಿದರು, ಮತ್ತೆ ಹೇಳಿದರು. ಮರದ ಸಂಕಟ ಅವರಿಗೂ ಇತ್ತು, ಇಲ್ಲವೆನ್ನಲಾರೆ. ಆದರೆ ಜೀವನವಿಡೀ ಬೇರೆಯವರ ಮನೆಯ ನೆಲ ಹಾಸಿದ ಮನುಷ್ಯನ ಹೆಸರನ್ನು ಯಾವ ನೆಲದ ಮೇಲೂ ಯಾರೂ ಬರೆದಿರಲಿಲ್ಲ. ‘ನನ್ನ ಕಡೀ ಕೆಲಸ ಅದು. ಉಳೀತದ ನೋಡು,’ ಅಂದರು. ನಾನು ಹೂಂ ಅಂದೆ. ಮರ ಹೋಗುವುದೆಂದು ನನಗೆ ಊಟ ಸೇರಲಿಲ್ಲ.

ಮರುದಿನ ಬೆಳಿಗ್ಗೆ ಆಪಾ ಮತ್ತು ನಾನು ಕೊಡ ಹಿಡಿದು ಹೋದೆವು. ನಾನು ನೀರು ಸುರುವಿ, ಬೇಸರಕ್ಕೆ ಅಲ್ಲೇ ಬೆಂಚಿನ ಮೇಲೆ ಕೂತೆ. ಉಳಿದ ದಿನಗಳಲ್ಲಿ ಸುರುವಿ ಮನೆಗೆ ಓಡುತ್ತಿದ್ದೆವು, ಅಡುಗೆ ಕಾಯುತ್ತಿರುತ್ತಿತ್ತು. ಅವತ್ತು ಕೂತು ನೋಡಿದರೆ, ನನ್ನ ಕೊಡದ ನೀರು ಬೊಡ್ಡೆಯ ಸುತ್ತ ಒಂದು ಸುತ್ತು ಹಾಕಿ, ಶಿಸ್ತಾಗಿ ಹೊರಟು, ಬೂದು ಕಲ್ಲು ದಾಟಿ, ಹಳದಿ ಕಲ್ಲು ದಾಟಿ, ಮೋರಿಗೆ ಇಳಿಯುತ್ತಿತ್ತು. ಆಪಾಳ ಕೊಡದ್ದೂ ಅದರ ಹಿಂದೆಯೇ. ಎಷ್ಟು ಮನೆಗಳ ನೀರು ಹೀಗೆ ಹೋಗಿರಬೇಕು! ನನ್ನ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂದು ಗೊತ್ತಾಗದೆ ಖಾಲಿ ಕೊಡವನ್ನು ಕುಕ್ಕಿದೆ.

ಮನೆಗೆ ಹೋಗಿ ಇವರಿಗೆ ಹೇಳಿದೆ. ಮರ ಒಣಗಿದ್ದು ಫರಸಿಯಿಂದ, ಅದಕ್ಕೆ ಒಂದು ಹನಿ ನೀರು ಇಳಿಯುತ್ತಿಲ್ಲ ಎಂದು. ಅವರ ಮುಖ ಗಂಟಿಕ್ಕಿತು.

‘ಊರಾಗ ಮರದ ಸುತ್ತ ಫರಸಿ ಹಾಸಿದವ ನಾನೊಬ್ನೇ ಏನು? ಎಲ್ಲಾರೂ ಹೊಗಳಲಿಕತ್ತಾರ, ನಿನಗೊಬ್ಬಾಕಿಗೆ ಹುಳುಕು ಕಾಣಸ್ತದ.’

‘ನಾ ಹೇಳೂದು ಬ್ಯಾಡ. ನೀವೇ ಬಂದು ನೋಡ್ರಿ,’ ಅಂದೆ.

ಎರಡು ದಿನ ಮಾತಿಲ್ಲ. ರೊಟ್ಟಿ ಬಡಿಯುವ ಸಪ್ಪಳದಲ್ಲೇ ನಾನು ಹೇಳಬೇಕಾದ್ದು ಹೇಳುತ್ತಿದ್ದೆ. ಮೂರನೆಯ ದಿನ ಬೆಳಿಗ್ಗೆ ಕೋಲು ಹಿಡಿದು ತಾವಾಗಿಯೇ ಹೊರಟರು. ಹೆಂಗಸರೆಲ್ಲ ಕೊಡ ಹಿಡಿದು ನಿಂತಿದ್ದರು. ಇವರು ನನ್ನ ಕೈಯ ಕೊಡ ತೆಗೆದುಕೊಂಡು ತಾವೇ ಬುಡಕ್ಕೆ ಸುರುವಿದರು. ನೀರು ಹೊರಟಿತು. ಇವರ ಕಣ್ಣು ಅದರ ಹಿಂದೆಯೇ ಹೋಯಿತು, ಮೋರಿಯವರೆಗೆ. ನೆಲ ಕ್ಷಣದಲ್ಲಿ ಒಣಗಿತು.

‘ನೋಡ್ರಿ,’ ಅಂದರು ಹೆಂಗಸರ ಕಡೆ ತಿರುಗಿ, ಎದೆಯುಬ್ಬಿಸಿ, ‘ಒಂದು ಹನಿ ನಿಂತದೇನು? ಉತಾರ ಅಂದ್ರ ಹಿಂಗ...’

ಅಲ್ಲಿಗೆ ನಿಂತರು.   ಇವರು ಮರದ ಬೊಡ್ಡೆಗೆ ಕೈಯಿಟ್ಟು, ತಾವೇ ಕೊರೆಸಿ ಕೂಡಿಸಿದ ಕಲ್ಲಿನ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದರು. ಎಲ್ಲಾದರೂ ಒಂದು ಬಿರುಕು ಸಿಕ್ಕೀತೇ ಎಂದು ಹುಡುಕುತ್ತಿದ್ದರು ಅನ್ನಿಸಿತು ನನಗೆ. ಸಿಗಲಿಲ್ಲ. ಅವರು ಕೆಟ್ಟ ಕೆಲಸ ಮಾಡಿದವರೇ ಅಲ್ಲ.

ಅದೇ ದಿನ ಸಾಹೇಬರ ಹತ್ತಿರ ಹೋದರು. ನಾನೂ ಜೊತೆಗಿದ್ದೆ, ಸಿಟ್ಟಿನಲ್ಲಿ ಏನಾದರೂ ಅಂದುಬಿಟ್ಟಾರೆಂದು. ಅಂಥದ್ದೇನೂ ಆಗಲಿಲ್ಲ. ‘ಮಳಿಗಾಲ ಮುಗಿಯೂತನ ಮರಕ್ಕ ಕೈ ಹಚ್ಚಬ್ಯಾಡ್ರಿ. ಫರಸಿ ತೆಗೀತೀನಿ,’ ಅಂದರು. ಸಾಹೇಬರು ನಂಬಲಿಲ್ಲ. ‘ಅಷ್ಟು ಛಲೋ ಕೆಲಸ ಕೆಡಸ್ತೀರೇನು? ಆಮ್ಯಾಲ ಮರಾನೂ ಉಳಿಲಿಲ್ಲಂದ್ರ?’ ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ.  ‘ಉಳಿಲಿಲ್ಲಂದ್ರ ಎರಡೂ ಹೋದವು ಅಂತ ತಿಳ್ಕೋತೀನ್ರಿ,’ ಅಂದು ಎದ್ದರು. ಕೋಲು ಊರುತ್ತ ನನ್ನ ಮುಂದೆ ನಡೆದರು. ನಾನು ಬಾಯಿಗೆ ಬೀಗ ಹಾಕಿಕೊಂಡು ಹಿಂದೆ ನಡೆದೆ, ನನಗೆ ಅದೆಷ್ಟು ಕಷ್ಟವೆಂದು ಊರಿಗೆಲ್ಲ ಗೊತ್ತು.

ಭಾನುವಾರ ಜನ ಸೇರಿದರು. ಕಲ್ಲು ಕೊಟ್ಟ ಓಣಿಗಳವರೆಲ್ಲ ಇದ್ದರು. ಅರ್ಧ ಜನಕ್ಕೆ ಸಿಟ್ಟು. ಕೊಟ್ಟ ಕಲ್ಲನ್ನು ಒಡೆಯುವುದೇ? ಇಡಿಯಾಗಿ ಎತ್ತಿ ಬೇರೆ ಕಡೆ ಹಾಸೋಣ ಎಂದು ಒಬ್ಬರು ಸಲಹೆ ಕೊಟ್ಟರು. ಹುಡುಗರು ಹಾರೆ ಹಾಕಿ ನೋಡಿದರು, ಒಂದೂ ಏಳಲಿಲ್ಲ. ಅಷ್ಟು ಬಿಗಿಯಾಗಿ ಕೂಡಿಸಿದ್ದರು. ಒಡೆಯದೆ ದಾರಿಯಿರಲಿಲ್ಲ. ಸುತ್ತಿಗೆ ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಯಿತು. ಮೊದಲ ಪೆಟ್ಟು ಹಾಕಲು ಯಾರಿಗೂ ಮನಸ್ಸಿಲ್ಲ. ನಮ್ಮೂರಿನವರು ಕಲ್ಲು ತೆಗೆದವರು, ಸೀಳಿದವರು, ಹಾಸಿದವರು. ಹಾಸಿದ ನೆಲ ಒಡೆದವರಲ್ಲ.

ಕೊನೆಗೆ ಇವರೇ ಕೈ ಚಾಚಿ ಸುತ್ತಿಗೆ ಕೇಳಿದರು. ಸ್ಟೂಲು ತರಲಿಕ್ಕೆ ಹೋದವನನ್ನು ಬೇಡವೆಂದರು. ನನ್ನ ಹೆಗಲು ಹಿಡಿದು, ಹಲ್ಲು ಕಚ್ಚಿಕೊಂಡು ಮೊಣಕಾಲೂರಿ ಕೂತರು. ಬೊಡ್ಡೆಗೆ ಅಂಟಿದ ಮೊದಲ ಸುತ್ತಿನ ಕಲ್ಲು, ತೊಗಟೆಯ ಡೊಂಕಿಗೆ ಕೊರೆಸಿದ್ದು. ಅದರ ಮೇಲೆ ಒಮ್ಮೆ ಅಂಗೈ ಸವರಿ, ಹೊಡೆದರು. ಕಲ್ಲು ಎರಡಾಯಿತು. ನಾನು ಅತ್ತೆ. ಎಲ್ಲರೆದುರಿಗೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ, ಅದರಲ್ಲಿ ನಾಚಿಕೆಯೇನಿದೆ? ಆಪಾಳ ಕಣ್ಣೂ ಒಣಗಿರಲಿಲ್ಲ.

ಆಮೇಲೆ ಎಲ್ಲರೂ ಕೈ ಹಾಕಿದರು. ಸಿಟ್ಟಾಗಿದ್ದವರೂ ಬಂದರು. ತುಂಡುಗಳನ್ನು ಬುಟ್ಟಿಯಲ್ಲಿ ಹೊತ್ತು ಗೇಟಿನ ಹೊರಗೆ ಸುರಿದೆವು. ಕಲ್ಲಿನ ಕೆಳಗಿನ ಮಣ್ಣು ಕಂಡಾಗ ಎಲ್ಲರೂ ಬಗ್ಗಿ ನೋಡಿದರು. ಅದರ ಮೇಲೆ ಎರಡು ಬೇಸಿಗೆಯಷ್ಟೇ ಅಲ್ಲ, ಒಂದು ಇಡೀ ಮಳೆಗಾಲವೂ ಹೋಗಿತ್ತು. ಆದರೂ ಮಣ್ಣು ಜೋಳದ ಹಿಟ್ಟಿನಂತೆ ಪುಡಿಪುಡಿಯಾಗಿ ಬೆರಳ ಸಂದಿಯಿಂದ ಇಳಿಯಿತು. ಇವರು ಒಂದು ಹಿಡಿ ಎತ್ತಿ ನೋಡಿ ಕೆಳಗೆ ಬಿಟ್ಟರು. ಸಂಜೆಯವರೆಗೆ ಆ ಜಾಗವನ್ನು ಅಗೆದು ಸಡಿಲ ಮಾಡಿ, ಗೊಬ್ಬರ ಹಾಕಿ, ಸುತ್ತ ಒಡ್ಡು ಕಟ್ಟಿ, ಕೊಡಗಟ್ಟಲೆ ನೀರು ಬಿಟ್ಟೆವು. ಅವತ್ತು ನೀರು ಎಲ್ಲಿಗೂ ಹೋಗಲಿಲ್ಲ.

ಮಳೆ ಬಂತು. ಆಷಾಢ ಕಳೆಯಿತು, ಶ್ರಾವಣವೂ ಅರ್ಧವಾಯಿತು. ಇವರು ದಿನಾ ಎರಡು ಹೊತ್ತು ಹೋಗಿ ಕತ್ತು ಮೇಲೆತ್ತಿ ನಿಲ್ಲುತ್ತಿದ್ದರು. ‘ಏನರ ಅದೇನ್ರಿ?’ ಎಂದರೆ ‘ಏನಿಲ್ಲ’. ಬರಬರುತ್ತ ನಾನು ಕೇಳುವುದನ್ನೇ ಬಿಟ್ಟೆ. ಒಂದು ಮಧ್ಯಾಹ್ನ ಆಪಾ ಹೊಲಿಗೆ ಬಿಟ್ಟು, ಕುತ್ತಿಗೆಯಲ್ಲಿ ಟೇಪು ತೂಗಾಡುತ್ತಿರುವಂತೆಯೇ ನಮ್ಮ ಮನೆಗೆ ಓಡಿಬಂದಳು. ‘ಬರ್ರಿ, ಜರಾ ಬರ್ರಿ,’ ಅನ್ನುವುದೊಂದೇ ಅವಳ ಬಾಯಲ್ಲಿ. ಹೋಗಿ ನೋಡಿದರೆ ಮೂಡಲ ಕಡೆಯ ದೊಡ್ಡ ಕೊಂಬೆಯ ಮೈಯಲ್ಲೇ, ತೊಗಟೆ ಒಡೆದು, ಕೆಂಪು ಚಿಗುರಿನ ಗೊಂಚಲು. ಇವರು ಮೊದಲೇ ಅಲ್ಲಿದ್ದರು, ಬಾಗಿನ ದೀಪದ ಕಂಬಕ್ಕೆ ಒರಗಿ. ಕೋಲೆತ್ತಿ ಅದನ್ನೇ ತೋರಿಸಿದರು.

ಪಡುವಣದ ಕೊಂಬೆ ಬದುಕಲಿಲ್ಲ, ಅದನ್ನು ಕಡಿಸಬೇಕಾಯಿತು. ಮರಕ್ಕೆ ಈಗ ಒಂದು ಕಡೆ ಮಾತ್ರ ನೆರಳು. ಆದರೂ ಈ ಯುಗಾದಿಗೆ ಹೂವು ಬಂತು. ಎಲ್ಲ ಓಣಿಗಳಿಗೂ ಸಾಲುವಷ್ಟು ಬರಲಿಲ್ಲ, ಹಂಚಿಕೊಂಡೆವು. ಬುದ್ಧ ಪೂರ್ಣಿಮೆಗೆ ಮೇಣದಬತ್ತಿಗಳನ್ನು ಹಸಿ ಮಣ್ಣಿನಲ್ಲೇ ಊರಿ ಹಚ್ಚಿದರು. ಜನ ಮತ್ತೆ ನೆಲಕ್ಕೆ ಕೂರಲು ಶುರು ಮಾಡಿದರು.

ಕೂರಲು ಶುರುವಾದ ಮೇಲೆ ಹಳೆಯ ಚಾಳಿ ಎಲ್ಲಿ ಹೋಗುತ್ತದೆ? ಈ ಮಳೆಗಾಲದಲ್ಲಿ ಒಂದು ಸಂಜೆ, ನಾವಿಬ್ಬರೂ ಬೆಂಚಿನ ಮೇಲೆ ಕೂತಿದ್ದಾಗ, ಊರ ಹಿರಿಯರು ಒಂದಿಷ್ಟು ಜನ ಬಂದು ಸುತ್ತುವರಿದರು. ಎಲ್ಲರ ಚಪ್ಪಲಿಗೂ ಕೆಸರು.

‘ಮರ ಬದುಕ್ಯಾದಲ್ರಿ, ದೇವರು ದೊಡ್ಡಾಂವ,’ ಅಂದರು ಅವರಲ್ಲೊಬ್ಬರು. ‘ಇನ್ನ ಹಾಸಿಬಿಡೋಣು. ಹೊರಗಿನ ಮಂದಿ ಬಂದ್ರ ಈ ರಾಡಿ ನೋಡಿ ಏನಂತಾರ? ಈ ಸಲ ಬೇಕಾದ್ರ ನಡು ನಡು ಸಂದು ಬಿಡ್ರಿ. ಕಲ್ಲಿನ ಮ್ಯಾಲ ನಿಮ್ಮ ಹೆಸರೂ ಹಾಕಸ್ತೀವಿ. ನೀವು ಸುಮ್ಮ ಕುಂತು ಹೇಳ್ರಿ, ಹುಡುಗರು ಮಾಡ್ತಾರ.’

ನಾನು ನಮ್ಮ ಯಜಮಾನರ ಮುಖ ನೋಡಿದೆ. ಹೆಸರಿನ ಮಾತು ಬಂದಾಗ ಅವರ ಕಣ್ಣು ಒಮ್ಮೆ ಆ ನೆಲದ ಕಡೆ ಹೋದದ್ದು ನಿಜ. ಆಸೆ ಇಲ್ಲದ ಮನುಷ್ಯರಾರು? ಆಮೇಲೆ ಕೋಲು ಊರಿ ಎದ್ದು ನಿಂತರು.

‘ಹಾಸ್ರಿ,’ ಅಂದರು ಮೆಲ್ಲಗೆ. ‘ಮೊದಲ ಒಂದು ಫರಸಿ ನನ್ನ ಮ್ಯಾಲ ಹಾಸಿ ಬರ್ರಿ. ಆಮ್ಯಾಲ ಬಂದು ಇಲ್ಲಿ ಹಾಸ್ರಿ.’

ನಮ್ಮೂರಿನಲ್ಲಿ ಮನುಷ್ಯನ ಮೇಲೆ ಫರಸಿ ಹಾಸುವುದು ಯಾವಾಗ ಎಂದು ಅಲ್ಲಿದ್ದವರಿಗೆ ಬಿಡಿಸಿ ಹೇಳಬೇಕಿರಲಿಲ್ಲ.  ಕೇಳಲು ಬಂದಿದ್ದ ಹಿರಿಯರು ತಮ್ಮ ಕೆಸರು ಚಪ್ಪಲಿಯನ್ನು ಬದಿಗೆ ಬಿಟ್ಟು, ಮರದ ಬುಡದ ಮಣ್ಣಿನ ಮೇಲೆ ಹೋಗಿ ಕೂತರು.

ನಾಲ್ಕು ಜನರ ಮುಂದೆ ಅಂಥ ಅಪಶಕುನದ ಮಾತು ಆಡಿದರೆಂದು ಮನೆಗೆ ಬಂದ ಮೇಲೆ ನಾನು ಅವರನ್ನು ಚೆನ್ನಾಗಿ ಬೈದೆ. ಅವರು ತಲೆ ತಗ್ಗಿಸಿ ಉಣ್ಣುತ್ತಿದ್ದರು. ಬೈಯುತ್ತಲೇ ಇನ್ನೊಂದು ಬಿಸಿ ರೊಟ್ಟಿ ಅವರ ತಾಟಿಗೆ ಹಾಕಿದೆ, ಇಂಥವನ ಹೆಂಡತಿ ನಾನು ಎಂದು ನನಗೆ ಆ ಹೊತ್ತು ಎದೆ ತುಂಬಿ ಬಂದಿತ್ತು.